ಖಡ್ಕಿಯ ಹುದುಲು: ಷಟ್ಕೋನ ಜಾಲದ ಮೇಲೆ 1817ರ ಪುಣೆ ಯುದ್ಧದ ಮೇಜಿನಾಟ

ಖಡ್ಕಿಯ ಯುದ್ಧ 1817ರ ನವೆಂಬರ್ 5ರ ಇಳಿಹೊತ್ತಿನಲ್ಲಿ ಪುಣೆಯ ವಾಯವ್ಯಕ್ಕೆ, ಮುಳಾ ನದಿಗೂ ಗಣೇಶಖಿಂಡದ ಗುಡ್ಡಗಳಿಗೂ ನಡುವಿನ ಬಯಲಲ್ಲಿ ನಡೆಯಿತು. ಎರಡನೆಯ ಬಾಜೀರಾಯ ಪೇಶ್ವೆಯ ಪರವಾಗಿ ಬಾಪು ಗೋಖಲೆ ನಡೆಸಿದ ದಂಡಿನಲ್ಲಿ 18,000 ಕುದುರೆ, 8,000 ಕಾಲಾಳು, 14 ತೋಪು ಇದ್ದವೆಂದು ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಲೆಕ್ಕ ಕೊಡುತ್ತಾನೆ. ಎದುರಿಗೆ ಕರ್ನಲ್ ಬರ್‌ನ ಕೈಕೆಳಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ 2,800ರ ಆಸುಪಾಸು. ಕತ್ತಲಾಗುವ ಹೊತ್ತಿಗೆ ಕಂಪನಿಯ ಕಡೆ ಸತ್ತವರೂ ಗಾಯಗೊಂಡವರೂ ಸೇರಿ 86, ಮರಾಠರ ಕಡೆ ಸುಮಾರು 500. ಈ ಯುದ್ಧವನ್ನು ಪುಟ್ಟ ಸೈನಿಕ ಗೊಂಬೆಗಳಿಂದ ಮೇಜಿನ ಮೇಲೆ ಆಡಿಸಲು ಹೊರಟವರಿಗೆ ಮೊದಲ ತೊಡಕು ಈ ಅಂಕಿಗಳಲ್ಲೇ ಇದೆ. ತಲೆ ಎಣಿಸಿ ದಾಳ ಉರುಳಿಸುವ ಯಾವ ನಿಯಮದಲ್ಲೂ ಬರ್‌ನ ಸೈನ್ಯ ಮೂರು ಸುತ್ತಿಗಿಂತ ಹೆಚ್ಚು ಉಳಿಯದು. ಫಲಿತಾಂಶವನ್ನು ನಿರ್ಧರಿಸಿದ್ದು ತಲೆಗಳ ಸಂಖ್ಯೆಯಲ್ಲ. ನೆಲ, ಹೊತ್ತು, ಆಜ್ಞೆ ಈ ಮೂರೂ ಅದನ್ನು ನಿರ್ಧರಿಸಿದವು. ಷಟ್ಕೋನ ಜಾಲದ ನಕ್ಷೆಯ ಬೆಲೆ ಇರುವುದು ಇಲ್ಲಿ: ಬರಹದ ಆಕರಗಳು ಜಾರಿಸಿಬಿಟ್ಟ ಪ್ರಶ್ನೆಗಳಿಗೆ ಅದು ಮನೆ ಮನೆಯಾಗಿ ಉತ್ತರ ಕೇಳುತ್ತದೆ.

ಜಾಲದ ಇತಿಹಾಸ ದೀರ್ಘವಾದದ್ದೇನಲ್ಲ. ಪ್ರಷ್ಯದ ಹಿರಿಯ ರೈಸ್ವಿಟ್ಸ್ 1812ರಲ್ಲಿ ಅರಸನಿಗೆ ತೋರಿಸಿದ ಯುದ್ಧಕ್ರೀಡೆಯಲ್ಲಿ ನೆಲವನ್ನು ಚೌಕದ ಬಿಲ್ಲೆಗಳಿಂದ ಜೋಡಿಸಬೇಕಿತ್ತು. ಅವನ ಮಗ 1824ರಲ್ಲಿ ಬಿಲ್ಲೆಗಳನ್ನು ಬಿಟ್ಟು 1:8000 ಅಳತೆಯ ನಿಜವಾದ ನಕ್ಷೆಗೆ ಬಂದ. ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ಹೊರತಂದ ‘ಟ್ಯಾಕ್ಟಿಕ್ಸ್’ ಆಟದ್ದೂ ಚೌಕದ ಜಾಲವೇ. 1961ರ ‘ಗೆಟಿಸ್‌ಬರ್ಗ್’ ಆವೃತ್ತಿಯಿಂದ ಅವನ ಕಂಪನಿ ಷಟ್ಕೋನಕ್ಕೆ ತಿರುಗಿತು. ಗೊಂಬೆಗಳಿಂದ ಆಡುವವರು ಬಹುಕಾಲ ಅಳತೆಪಟ್ಟಿಯನ್ನೇ ನೆಚ್ಚಿಕೊಂಡರು. 2000ದ ನಂತರ ಬಂದ ರಿಚರ್ಡ್ ಬೋರ್ಗ್‌ನ ಆಟಗಳು ಗೊಂಬೆಯನ್ನೂ ಷಟ್ಕೋನವನ್ನೂ ಒಂದೇ ಹಾಸಿನ ಮೇಲೆ ತಂದು ಜನಪ್ರಿಯಗೊಳಿಸಿದವು.

ಚೌಕದ ಜಾಲದಲ್ಲಿ ಪಕ್ಕದ ಮನೆ ಒಂದು ಅಳತೆ ದೂರವಾದರೆ ಮೂಲೆಯ ಮನೆ 1.414 ಅಳತೆ. ಓರೆಯಾಗಿ ನಡೆದವನಿಗೆ ಪುಕ್ಕಟೆ ಲಾಭ. ಷಟ್ಕೋನದಲ್ಲಿ ಆರೂ ನೆರೆಮನೆಗಳ ನಡುಬಿಂದು ಸಮದೂರ. ಹಾಗೆಂದು ಇದು ದೋಷವಿಲ್ಲದ ಜಾಲವಲ್ಲ. ಮೂಲೆಯ ದಿಕ್ಕಿನಲ್ಲಿ ಹೊರಟವನು 1.732 ಅಳತೆ ದೂರಕ್ಕೆ ಎರಡು ನಡೆ ಕೊಡಬೇಕಾಗುತ್ತದೆ. ಆದ್ದರಿಂದ ಜಾಲವನ್ನು ನಕ್ಷೆಯ ಮೇಲೆ ಯಾವ ದಿಕ್ಕಿಗೆ ಹಾಸಬೇಕೆಂಬುದು ಯೋಜನೆಯ ಮೊದಲ ತೀರ್ಮಾನ. ಖಡ್ಕಿಯಲ್ಲಿ ಕಂಪನಿ ಸೈನ್ಯ ಗಣೇಶಖಿಂಡದ ಕಡೆಗೆ ಮುಖಮಾಡಿ ಸಾಲುಗಟ್ಟಿತ್ತು. ಆ ಸಾಲು ಷಟ್ಕೋನಗಳ ನೇರ ಸಾಲಿನೊಂದಿಗೆ ಕೂಡಿದರೆ ಪ್ರತಿ ತುಕಡಿಯ ಎದುರಿಗೂ ಎರಡೇ ಶತ್ರುಮನೆಗಳಿರುತ್ತವೆ. ಜಾಲವನ್ನು ತಿರುಗಿಸಿ ಹಾಸಿದರೆ ಸಾಲು ಅಂಕುಡೊಂಕಾಗಿ, ಮುಂದೆ ಚಾಚಿದ ತುಕಡಿ ಮೂರು ಮನೆಗಳಿಂದ ಏಟು ತಿನ್ನುತ್ತದೆ, ಹಿಂದೆ ಸರಿದದ್ದು ಒಂದರಿಂದ ಮಾತ್ರ. ಇತಿಹಾಸದಲ್ಲಿ ಇಲ್ಲದ ಈ ತಾರತಮ್ಯ ಬರೀ ಕಾಗದ ಹಾಸಿದ ರೀತಿಯಿಂದ ಆಟದೊಳಗೆ ನುಸುಳುತ್ತದೆ.

ಅಳತೆಯನ್ನು ಪದಾತಿಯ ಸಾಲಿನಿಂದ ಕಂಡುಕೊಳ್ಳುವುದು ಲೇಸು. ಎರಡು ಸಾಲಾಗಿ ನಿಂತ 600 ಸಿಪಾಯಿಗಳ ತುಕಡಿಗೆ, ಆಳಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಜಾಗ ಹಿಡಿದರೆ, 165ರಿಂದ 170 ಮೀಟರ್ ಬೇಕು. ಮನೆಗೆ 200 ಮೀಟರ್ ಎಂದಿಟ್ಟರೆ ಒಂದು ತುಕಡಿ, ಇಕ್ಕೆಲಗಳಲ್ಲಿ ಚೂರು ತೆರಪು. ಮೇಜಿನ ಮೇಲೆ ಆ ಮನೆ 10 ಸೆಂಟಿಮೀಟರ್ ಅಗಲವಿರಲಿ. ಒಂದು ಗೊಂಬೆಗೆ 30 ಸಿಪಾಯಿಗಳೆಂದರೆ ಇಪ್ಪತ್ತು ಗೊಂಬೆಗಳು ಎರಡು ಸಾಲಾಗಿ ಅಲ್ಲಿ ಸರಿಯಾಗಿ ಕೂರುತ್ತವೆ. ಇದಕ್ಕೆ 15 ಮಿಲಿಮೀಟರ್ ಎತ್ತರದವು ಒಪ್ಪುತ್ತವೆ. ನೆಲದ ಅಳತೆ 1:2000, ಗೊಂಬೆಯದು ಸುಮಾರು 1:100. ಹೀಗಾಗಿ ಮೇಜಿನ ಮೇಲಿಟ್ಟ ಒಂದು ಕಟ್ಟಡದ ಮಾದರಿಯನ್ನು ಇಡೀ ಹಳ್ಳಿಯೆಂದು ಓದಬೇಕು. ಬಂದೂಕಿನ ಗುಂಡು ನೂರು ಮೀಟರಿನೊಳಗೆ ಮಾತ್ರ ಕೆಲಸ ಮಾಡುತ್ತಿದ್ದ ಕಾಲವಾದ್ದರಿಂದ ಪದಾತಿ ಪಕ್ಕದ ಮನೆಗಷ್ಟೇ ಗುಂಡು ಹಾರಿಸಬಲ್ಲದು.

ಪೇಶ್ವೆ ನಿಂತಿದ್ದ ಪರ್ವತಿ ಬೆಟ್ಟದಿಂದ ಖಡ್ಕಿಯವರೆಗಿನ ನೆಲವನ್ನೆಲ್ಲ ಈ ಅಳತೆಯಲ್ಲಿ ಹಾಸಿದರೆ ಮೇಜು ಮೂರೂವರೆ ಮೀಟರ್ ಮೀರುತ್ತದೆ, ನಡುವಿನ ಗೊಂಬೆಗೆ ಕೈ ಎಟುಕದು. 1.8 ಮೀಟರ್ ಉದ್ದ, 1.2 ಮೀಟರ್ ಅಗಲದ ಮೇಜಿನಲ್ಲಿ 18 ಮನೆಗಳ ಸುಮಾರು 14 ಸಾಲು ಹಿಡಿಯುತ್ತದೆ. ಅಂದರೆ 3.6 ಕಿಲೋಮೀಟರಿಗೆ 2.4 ಕಿಲೋಮೀಟರ್, ಖಡ್ಕಿ ಮತ್ತು ಗಣೇಶಖಿಂಡದ ನಡುವಣ ಕಾಳಗದ ಬಯಲಿಗೆ ಇಷ್ಟು ಸಾಕು. ಉಳಿದ ನೆಲಕ್ಕೆ ಮನೆಗೆ ಒಂದು ಕಿಲೋಮೀಟರಿನಂತೆ ಇನ್ನೊಂದು ಕಾಗದದ ನಕ್ಷೆ ಬೇಕು. ಮೇಜಿಗೆ ಇನ್ನೂ ಬಾರದ ಪಡೆಗಳೆಲ್ಲ ಅದರ ಮೇಲೆ ನಡೆಯುತ್ತವೆ.

ಈ ಎರಡನೆಯ ನಕ್ಷೆ ಅಲಂಕಾರಕ್ಕಲ್ಲ. ಯುದ್ಧದ ಅತ್ಯಂತ ನಾಟಕೀಯ ಗಳಿಗೆ ಅದರ ಮೇಲೆಯೇ ನಡೆಯುತ್ತದೆ. ದಂಡು ಹೊರಟ ಮೇಲೆ ಪೇಶ್ವೆಗೆ ಎದೆ ನಡುಗಿ, ಮೊದಲ ಗುಂಡು ನಮ್ಮ ಕಡೆಯಿಂದ ಹಾರಕೂಡದೆಂದು ಗೋಖಲೆಗೆ ಹೇಳಿಕಳಿಸಿದ. ದೂತ ಬರುವುದನ್ನು ಕಂಡ ಗೋಖಲೆ ಅವನು ತಂದ ಮಾತೇನೆಂದು ಊಹಿಸಿ, ಅವನು ತಲುಪುವ ಮೊದಲೇ ತೋಪುಗಳಿಗೆ ಬೆಂಕಿ ಕೊಡಿಸಿದ ಎಂದು ಗ್ರಾಂಟ್ ಡಫ್ ಬರೆಯುತ್ತಾನೆ. ಪೇಶ್ವೆ ಇದ್ದ ಪರ್ವತಿಯಿಂದ ಗಣೇಶಖಿಂಡಕ್ಕೆ ಆರೂವರೆ ಕಿಲೋಮೀಟರಿನಷ್ಟು ದೂರ. ಆಟದ ಒಂದು ಸುತ್ತು ಹತ್ತು ನಿಮಿಷವೆಂದಿಟ್ಟು, ದೂತನ ಕುದುರೆಗೆ ಸುತ್ತಿಗೆ ಎರಡು ಕಿಲೋಮೀಟರ್ ಕೊಟ್ಟರೆ, ಅವನು ನಾಲ್ಕನೆಯ ಸುತ್ತಿನಲ್ಲಿ ಮುಟ್ಟುತ್ತಾನೆ. ಮರಾಠರ ಆಟಗಾರನ ಮುಂದೆ ಆಗ ನಿಜವಾದ ಆಯ್ಕೆ ಬಂದು ನಿಲ್ಲುತ್ತದೆ: ವ್ಯೂಹ ಪೂರ್ತಿ ಕೂಡಿಕೊಳ್ಳುವ ಮುನ್ನ ದಾಳಿ ಆರಂಭಿಸುವುದೋ, ಕಾದು ಕುಳಿತು ಕೈ ಕಟ್ಟಿಸಿಕೊಳ್ಳುವುದೋ. ಗೋಖಲೆಯನ್ನು ದುಡುಕಿನವನೆಂದು ದೂರುವ ಓದುಗರು ಆಟದ ಈ ಮೊದಲ ಭಾಗವನ್ನು ಒಮ್ಮೆ ಆಡಿ ನೋಡಬೇಕು.

ನೆಲದ ವಿಚಾರದಲ್ಲಿ ಇಂದಿನ ಸರ್ವೆ ನಕ್ಷೆ ಅರ್ಧ ಮಾತ್ರ ನೆರವಾಗುತ್ತದೆ. 1:50,000 ಹಾಳೆಯಲ್ಲಿ 200 ಮೀಟರ್ ಎಂದರೆ 4 ಮಿಲಿಮೀಟರ್. ನದಿಯ ತಿರುವು, ಚತುಃಶೃಂಗಿಯ ಗುಡ್ಡ ಅಂದಿನಂತೆಯೇ ಇವೆ. ಆದರೆ ಖಡ್ಕಿಯ ದಂಡು ಪ್ರದೇಶ, ಮದ್ದುಗುಂಡಿನ ಕಾರ್ಖಾನೆ, ಗಣೇಶಖಿಂಡದ ರಾಜ್ಯಪಾಲರ ಬಂಗಲೆ ಮತ್ತು ಅದರ ಸುತ್ತ 1949ರಿಂದ ಬೆಳೆದ ವಿಶ್ವವಿದ್ಯಾಲಯ ಇವೆಲ್ಲ ಆಮೇಲೆ ಬಂದವು. ಯುದ್ಧವನ್ನು ತಿರುಗಿಸಿದ ಕೆಸರಿನ ಹುದುಲನ್ನು ಈ ಹಾಳೆಯಲ್ಲಿ ಹುಡುಕಿ ಫಲವಿಲ್ಲ.

ಕಂಪನಿಯ ಎಡ ಪಕ್ಕದಲ್ಲಿ ಮುಂಬಯಿಯ 7ನೆಯ ದೇಶೀ ರೆಜಿಮೆಂಟು ಡಿ ಪಿಂಟೊ ಎಂಬ ಪೋರ್ಚುಗೀಸನ ತುಕಡಿಯನ್ನು ಹಿಮ್ಮೆಟ್ಟಿಸಿ, ಅದರ ಬೆನ್ನಟ್ಟುವ ಹುರುಪಿನಲ್ಲಿ ಸಾಲು ಕೆಡಿಸಿಕೊಂಡಿತು. ಅದನ್ನು ಕಂಡ ಗೋಖಲೆ ಆಯ್ದ 6,000 ಸವಾರರನ್ನು ಜರಿಪಟಕಾ ಧ್ವಜದೊಂದಿಗೆ ಅವರ ಮೇಲೆ ಬಿಟ್ಟ. ನಡುವೆ ಯಾರಿಗೂ ಗೊತ್ತಿಲ್ಲದ ಆಳದ ಕೆಸರು. ಮುಂದಿನ ಕುದುರೆಗಳು ಅದರಲ್ಲಿ ಹೂತವು, ಹಿಂದಿನವು ಅವುಗಳ ಮೇಲೆ ಉರುಳಿದವು. ಬರ್ ಸಿಪಾಯಿಗಳನ್ನು ತಡೆದು ನಿಲ್ಲಿಸಿ, ತಕ್ಕ ಗಳಿಗೆಯಲ್ಲಿ ಗುಂಡು ಹಾರಿಸಿದ.

ಈ ಹುದುಲು 200 ಮೀಟರಿನ ಒಂದು ಮನೆಯನ್ನು ತುಂಬುವಷ್ಟು ದೊಡ್ಡದಲ್ಲ. ಮನೆಗೆಲ್ಲ ಕೆಸರಿನ ಬಣ್ಣ ಬಳಿದರೆ ಅದು ಕೆರೆಯಂಗಳವಾಗುತ್ತದೆ. ಎರಡು ಮನೆಗಳ ನಡುವಿನ ಅಂಚಿನ ಮೇಲೆ ಅದನ್ನು ಗುರುತಿಸುವುದೇ ಸರಿ. ನದಿ ಹಳ್ಳಗಳಿಗೂ ಇದೇ ಕ್ರಮ. ಅದಕ್ಕಿಂತ ಮುಖ್ಯವಾದದ್ದು ಅದನ್ನು ಮರೆಯಲ್ಲಿಡುವುದು. ಹಾಸಿನ ಮೇಲೆ ಕಣ್ಣಿಗೆ ಬೀಳುವ ಕೆಸರಿನತ್ತ ಯಾವ ಆಟಗಾರನೂ ಕುದುರೆ ಓಡಿಸುವುದಿಲ್ಲ. ಇತಿಹಾಸ ಓದಿದವನಿಗೆ ಅದು ಎಡ ಪಕ್ಕದಲ್ಲಿದೆಯೆಂದೂ ಗೊತ್ತಿರುತ್ತದೆ. ಆದ್ದರಿಂದ ತೀರ್ಪುಗಾರ ತನ್ನ ಗುಪ್ತ ನಕ್ಷೆಯಲ್ಲಿ ತಗ್ಗಿನ ಆರು ಅಂಚುಗಳನ್ನು ಆರಿಸಿ, ದಾಳ ಬಿದ್ದ ಒಂದನ್ನು ಮಾತ್ರ ಹುದುಲೆಂದು ಇಟ್ಟುಕೊಳ್ಳಬೇಕು. ಮುಂಚೂಣಿಯ ಸಣ್ಣ ತುಕಡಿ ಆ ಅಂಚನ್ನು ಮುಟ್ಟಿದರೆ ಗುಟ್ಟು ಬಯಲಾಗಲಿ. ನೆಲ ಶೋಧಿಸಲು ಒಂದು ಸುತ್ತು ಕಳೆಯುವುದೋ, ಶತ್ರುವಿನ ಸಾಲು ಕೆಟ್ಟಿರುವಾಗಲೇ ನುಗ್ಗುವುದೋ ಎಂಬ ಇಕ್ಕಟ್ಟು ಆಗ ಗೋಖಲೆಗಿದ್ದಂತೆಯೇ ಆಟಗಾರನಿಗೂ ಎದುರಾಗುತ್ತದೆ.

ಸವಾರರ ಸಂಖ್ಯೆಯ ಪ್ರಶ್ನೆಗೂ ಜಾಲವೇ ಉತ್ತರ ಕೊಡುತ್ತದೆ. ಮನೆಗೆ 300 ಸವಾರರಂತೆ 6,000 ಮಂದಿಗೆ ಇಪ್ಪತ್ತು ಮನೆ ಬೇಕು. ಸಾಲಿನ ಕೊನೆಯ ತುಕಡಿಯನ್ನು ಎದುರಿನಿಂದ ಎರಡು, ಪಕ್ಕದಿಂದ ಒಂದು, ಹೀಗೆ ಮೂರು ಮನೆಗಳಿಂದ ಮಾತ್ರ ಮುಟ್ಟಲು ಸಾಧ್ಯ; ಸುತ್ತಿಬಳಸಿ ಬೆನ್ನಿಗೆ ಬಂದರಷ್ಟೇ ಇನ್ನಷ್ಟು. ಉಳಿದವರು ಹಿಂದೆ ಕಾಯುತ್ತಾರೆ. ಮುಂದಿನವರು ಕೆಸರಿಗೆ ಸಿಕ್ಕಾಗ ಈ ಹಿಂದಿನವರ ಒತ್ತಡವೇ ಅನಾಹುತಕ್ಕೆ ಕಾರಣ. ಆದ್ದರಿಂದ ಇಲ್ಲಿ ಪ್ರಾಣಹಾನಿಯ ಪಟ್ಟಿಗಿಂತ ಅಸ್ತವ್ಯಸ್ತತೆಯ ನಿಯಮಕ್ಕೆ ಹೆಚ್ಚು ತೂಕ ಬೇಕು: ತಡೆದು ನಿಂತ ತುಕಡಿ ಚದುರಿದರೆ ಬೆನ್ನಿಗಿರುವ ತುಕಡಿಯೂ ಧೈರ್ಯದ ಪರೀಕ್ಷೆಗೆ ದಾಳ ಹಾಕಲಿ.

ಬಲ ಪಕ್ಕಕ್ಕೆ ಬೇರೆಯೇ ನಿಯಮ ಬೇಕು. ಕ್ಯಾಪ್ಟನ್ ಫೋರ್ಡ್‌ನ ದಾಪೋಡಿ ತುಕಡಿ ಪೇಶ್ವೆಯ ಹೆಸರಿನಲ್ಲೇ ಕಟ್ಟಿದ್ದು. ಆ ದಿನ ಕಂಪನಿಯ ಕಡೆ ಸೇರಿತು. ಅದನ್ನು ಎದುರಿಸಿದ ಮೋರೋ ದೀಕ್ಷಿತ ಫೋರ್ಡ್‌ನ ಗೆಳೆಯನಾಗಿದ್ದವನು, ಅದರ ತೋಪಿನ ಗುಂಡಿಗೇ ಬಲಿಯಾದ. ಫೋರ್ಡ್ ಬಂದು ಸೇರುವವರೆಗೆ ಬಲ ಪಕ್ಕ ಬರಿದು. ಅವನು ಯಾವ ಸುತ್ತಿನಲ್ಲಿ ಮೇಜಿನ ಅಂಚಿಗೆ ಬರುತ್ತಾನೆಂಬುದನ್ನು ಕಿಲೋಮೀಟರ್ ನಕ್ಷೆಯ ನಡೆಗಳು ತೀರ್ಮಾನಿಸಲಿ.

ಗೆಲುವಿನ ಷರತ್ತನ್ನು ಎರಡೂ ಕಡೆಗೆ ಒಂದೇ ಬಗೆಯಲ್ಲಿ ಇಡುವುದು ತಪ್ಪು. ಕತ್ತಲಾದ ಮೇಲೆ ಕಂಪನಿ ಸೈನ್ಯ ಖಡ್ಕಿಗೆ ಮರಳಿತು. ನವೆಂಬರ್ 13ಕ್ಕೆ ಕಂಪನಿಯ ಜನರಲ್ ಸ್ಮಿತ್ ತನ್ನ ದಂಡಿನೊಂದಿಗೆ ಬಂದು ಸೇರಿದ, 17ಕ್ಕೆ ಪುಣೆ ಪೇಶ್ವೆಯ ಕೈಬಿಟ್ಟಿತು. ಮರುವರ್ಷದ ಆರಂಭದಲ್ಲಿ ಕಂಪನಿಯ ಸೇನಾಧಿಕಾರಿ ಮನ್ರೋ ಬಾದಾಮಿ, ಬೆಳಗಾವಿಗಳನ್ನು ಹಿಡಿದ, ಪೇಶ್ವೆಯ ಕನ್ನಡ ಸೀಮೆಯೂ ಕಂಪನಿಗೆ ಸೇರಿತು. ಬರ್‌ಗೆ ಆ ಸಂಜೆ ಉಳಿದುಕೊಂಡರೆ ಸಾಕಿತ್ತು, ಗೋಖಲೆಗೆ ಸ್ಮಿತ್ ಬರುವ ಮೊದಲೇ ಸೈನ್ಯವನ್ನು ಮುರಿಯಲೇಬೇಕಿತ್ತು. ಹನ್ನೆರಡು ಸುತ್ತು, ಅಂದರೆ ಎರಡು ಗಂಟೆ ಮುಗಿದಾಗ ಕಂಪನಿಯ ಯಾವುದಾದರೂ ಒಂದು ತುಕಡಿ ಒಡೆದಿದ್ದರೆ, ಇಲ್ಲವೇ ಖಡ್ಕಿಯ ದಾರಿ ಮರಾಠರ ಕೈಯಲ್ಲಿದ್ದರೆ, ಗೆಲುವು ಗೋಖಲೆಯದು. ಉಳಿದೆಲ್ಲ ಸಂದರ್ಭದಲ್ಲೂ ಬದುಕುಳಿದ ತುಕಡಿಗಳ ಎಣಿಕೆಯನ್ನು ಕಿಲೋಮೀಟರ್ ನಕ್ಷೆಗೆ ದಾಟಿಸಿ, ಸ್ಮಿತ್‌ನ ದಂಡು ಬರುವವರೆಗಿನ ಎಂಟು ದಿನಗಳನ್ನು ಅಲ್ಲಿ ಮುಂದುವರಿಸಬಹುದು.