ಆಟದಲ್ಲಿ ಅನ್ನ ಉಂಟೇ? ಇ-ಸ್ಪೋರ್ಟ್ಸ್ ವೃತ್ತಿ ಮತ್ತು ನಮ್ಮ ವಿದ್ಯಾರ್ಥಿಗಳು

ನಮ್ಮ ಕಾಸರಗೋಡಿನಲ್ಲಿ ‘ಆಟಕ್ಕೆ ಹೋಗುವುದು’ ಅಂದರೆ ಯಕ್ಷಗಾನಕ್ಕೆ ಹೋಗುವುದು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಆಟ ಹಲವರ ಹೊಟ್ಟೆಪಾಡೂ ಹೌದು. ಆದರೂ ಮಗ ಮೇಳಕ್ಕೆ ಸೇರ್ತೇನೆ ಅಂದಾಗ ಮನೆಯವರದ್ದು ಒಂದೇ ಪ್ರಶ್ನೆ: ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲಕ್ಕೆ ಏನು ಗತಿ? ಕಾಲೇಜು ಹುಡುಗ ಇಂದು ಮೊಬೈಲ್ ಆಟವೇ ನನ್ನ ವೃತ್ತಿ ಅಂದಾಗಲೂ ಅದೇ ಪ್ರಶ್ನೆ ಏಳುತ್ತದೆ. ಅದು ಹಳಬರ ಮೊಂಡುತನವಲ್ಲ ಎಂಬುದು ನನ್ನ ವಾದ.

ದಕ್ಷಿಣ ಕೊರಿಯಾದ ಚರಿತ್ರೆ ನೋಡಿ. 1997ರ ಆರ್ಥಿಕ ಕುಸಿತದಲ್ಲಿ ಬಹಳ ಮಂದಿ ಕೆಲಸ ಕಳಕೊಂಡರು. ಮರುವರ್ಷ ಸ್ಟಾರ್‌ಕ್ರಾಫ್ಟ್ ಆಟ ಬಂತು. ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ ‘ಪಿಸಿ ಬಾಂಗ್’ಗಳು ಬೀದಿಬೀದಿಯಲ್ಲಿ ಎದ್ದವು. 2000ದಲ್ಲಿ ಇ-ಸ್ಪೋರ್ಟ್ಸ್ ಸಂಘ ಹುಟ್ಟಿತು. ಪಂದ್ಯ ತೋರಿಸುವ ಟಿವಿ ಚಾನೆಲ್ ಬಂತು. ದೊಡ್ಡ ಕಂಪನಿಗಳು ತಂಡ ಕಟ್ಟಿ ಸಂಬಳ ಕೊಟ್ಟವು. ಅಮೆರಿಕದಲ್ಲಿ 2014ರಲ್ಲಿ ಶಿಕಾಗೋದ ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯ ಇಂಥ ಆಟಗಾರರಿಗೆ ವಿದ್ಯಾರ್ಥಿವೇತನವನ್ನೇ ಕೊಟ್ಟಿತು. ಆಟದ ಬೆನ್ನಿಗೆ ಸಂಸ್ಥೆಗಳು ನಿಂತ ಮೇಲೆಯೇ ಅದು ಉದ್ಯೋಗವಾಯಿತು.

ನಮ್ಮ ದೇಶದಲ್ಲಿ ಏನಾಯ್ತು? 2018ರ ಜಕಾರ್ತ ಏಷ್ಯನ್ ಗೇಮ್ಸ್‌ನ ಪ್ರದರ್ಶನ ಸ್ಪರ್ಧೆಯಲ್ಲಿ ತೀರ್ಥ್ ಮೆಹ್ತಾ ಕಂಚು ಗೆದ್ದರು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು. 2021ರಲ್ಲಿ ಅದು ಬಿಜಿಎಂಐ ಹೆಸರಲ್ಲಿ ಬಂತು, 2022ರ ಜುಲೈಯಲ್ಲಿ ಹೋಯಿತು, 2023ರಲ್ಲಿ ಪುನಃ ಬಂತು. ನಡುವೆ, 2022ರ ಡಿಸೆಂಬರಿನಲ್ಲಿ, ಇ-ಸ್ಪೋರ್ಟ್ಸ್ ಕೇಂದ್ರದ ಕ್ರೀಡಾ ಇಲಾಖೆಯ ವ್ಯಾಪ್ತಿಗೆ ಸೇರಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿತು.

ನನ್ನ ತರಗತಿಯ ಮಕ್ಕಳಿಗೆ ಈ ಏರಿಳಿತ ಚೆನ್ನಾಗಿ ಗೊತ್ತು. ಬಿಡಲು ಮನಸ್ಸಿಲ್ಲ, ಪೂರ್ತಿ ನಂಬಲು ಧೈರ್ಯವೂ ಇಲ್ಲ. ಡಿಗ್ರಿ ಮುಗಿಯಲಿ, ಮತ್ತೆ ನೋಡುವ ಅಂತಾರೆ. ನಾವು ಇದನ್ನು ಸೋಮಾರಿತನ ಅಂತ ಬೈಯುತ್ತೇವೆ. ನನಗೆ ಅದು ಲೆಕ್ಕಾಚಾರವಾಗಿ ಕಾಣುತ್ತದೆ.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಪಾರ್ತಿಸುಬ್ಬನ ಪ್ರಸಂಗವನ್ನು ಯಾವ ಮೇಳವೂ ಆಡಬಹುದು. ಒಂದು ಮೇಳ ನಿಂತರೆ ಕಲಾವಿದ ಇನ್ನೊಂದಕ್ಕೆ ಹೋಗ್ತಾನೆ. ಇಲ್ಲಿ ಪ್ರಸಂಗ, ರಂಗಸ್ಥಳ ಎರಡೂ ಕಂಪನಿಯ ಸೊತ್ತು. ಹಾಗಾಗಿ ಮಕ್ಕಳ ಹತ್ತಿರ ‘ಆಡಬೇಡ’ ಅನ್ನುವ ಬದಲು, ‘ಈ ಆಟ ನಿಂತ ದಿನ ನಿನ್ನ ಕೈಯಲ್ಲಿ ಏನು ಉಳೀತದೆ?’ ಅಂತ ಕೂತು ಕೇಳುವ.