ದೊಡ್ಡಪ್ಪ ಪ್ಲಗ್‌ಗೆ ಬಾಯಿಂದ ಊದುತ್ತಿದ್ದರು

ಗ್ಯಾರೇಜ್ ಇತಿಹಾಸ – ಭಾಗ 6

ಮೊದಲನೇ ಫೋಟೋ ಸ್ವಲ್ಪ ಜೂಮ್ ಮಾಡಿ. ಬಿಳಿ ಪಿಂಗಾಣಿ ಮೈ, ತುಕ್ಕು ಹಿಡಿದ ಥ್ರೆಡ್, ತುದಿಯಲ್ಲಿ ಹಳದಿ ಬಣ್ಣದ ಗಾಜಿನಂಥ ಲೇಪ. ತಿಪಟೂರಿನಲ್ಲಿರೋ ನಮ್ಮ ದೊಡ್ಡಪ್ಪನ ಗ್ಯಾರೇಜಿನ ತಗಡಿನ ಡಬ್ಬೀಲಿ ಸಿಕ್ಕ ಸ್ಪಾರ್ಕ್ ಪ್ಲಗ್ ಇದು. 80ರ ದಶಕದ ಯಾವುದೋ ಪದ್ಮಿನಿ ಕಾರಿಂದ ಬಿಚ್ಚಿದ್ದಂತೆ. ಆ ಹಳದಿ ಏನು ಅಂತ ಕೇಳಿದ್ದಕ್ಕೆ "ಪೆಟ್ರೋಲ್ ಕೊಳೆ ಕಣೋ, ಉಜ್ಜಿದ್ರೆ ಹೋಗುತ್ತೆ" ಅಂದ್ರು. ಅದು ಬರೀ ಕೊಳೆ ಅಲ್ಲ. ಆ ಕಥೆ ಹೇಳೋಕೆ ಸ್ವಲ್ಪ ಹಿಂದಿನಿಂದ ಬರಬೇಕು, ಸ್ವೈಪ್ ಮಾಡ್ತಾ ಓದಿ.

ಎಂಜಿನ್ ಒಳಗೆ ಗಾಳಿ ಮತ್ತು ಇಂಧನ ಸೇರಿಸೋದು ಒಂದು ಕೆಲಸ, ಅದಕ್ಕೆ ಸರಿಯಾದ ಕ್ಷಣದಲ್ಲಿ ಬೆಂಕಿ ಕೊಡೋದು ಇನ್ನೊಂದು. ಎರಡನೇದೇ ಜಾಸ್ತಿ ಸತಾಯಿಸಿದ್ದು. ಪ್ಯಾರಿಸ್‌ನಲ್ಲಿ ಎಟಿಯೆನ್ ಲೆನ್ವಾ 1860ರಲ್ಲೇ ತನ್ನ ಗ್ಯಾಸ್ ಎಂಜಿನ್‌ಗೆ ವಿದ್ಯುತ್ ಕಿಡಿ ಕೊಟ್ಟಿದ್ದ. ಆದರೂ ಆಮೇಲೆ ಬಂದ ಡೈಮ್ಲರ್ ಕಿಡಿ ನಂಬಲಿಲ್ಲ. ಒಂದು ಕೊಳವೆಯನ್ನ ಹೊರಗಿಂದ ದೀಪ ಹಚ್ಚಿ ಕೆಂಪಗೆ ಕಾಯಿಸಿ ಅದರಿಂದ ಬೆಂಕಿ ತಗುಲಿಸ್ತಿದ್ದ. ಪಕ್ಕದಲ್ಲೇ ಪೆಟ್ರೋಲ್, ಪಕ್ಕದಲ್ಲೇ ಉರಿಯೋ ದೀಪ! ಕಾರ್ಲ್ ಬೆಂಜ್ ಬ್ಯಾಟರಿ ಮತ್ತು ಕಾಯಿಲ್ ಇಟ್ಟ. ಅದರ ಪಾಡು ಹೇಗಿತ್ತು ಅನ್ನೋದಕ್ಕೆ 1888ರ ಪ್ರಯಾಣ ಸಾಕು. ಹೆಂಡತಿ ಬೆರ್ಥಾ ಬೆಂಜ್ ಇಬ್ಬರು ಮಕ್ಕಳನ್ನ ಕೂರಿಸ್ಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿ.ಮೀ. ಗಾಡಿ ಓಡಿಸಿದಾಗ, ದಾರೀಲಿ ಇಗ್ನಿಷನ್ ವೈರಿನ ಹೊದಿಕೆ ಸವೆದು ಹೋಗಿ, ತನ್ನ ಕಾಲುಚೀಲದ ಪಟ್ಟಿ ಸುತ್ತಿ ಸರಿ ಮಾಡಿದ್ಲು ಅಂತ ಹೇಳ್ತಾರೆ. ಪ್ರಪಂಚದ ಮೊದಲ ರಸ್ತೆಬದಿ ಎಲೆಕ್ಟ್ರಿಷಿಯನ್ ಅಂದ್ರೂ ತಪ್ಪಿಲ್ಲ.

ಇದನ್ನ ಒಂದು ದಾರಿಗೆ ತಂದಿದ್ದು ಸ್ಟುಟ್‌ಗಾರ್ಟ್‌ನ ಒಂದು ಸಣ್ಣ ವರ್ಕ್‌ಶಾಪ್. ರಾಬರ್ಟ್ ಬಾಷ್ 1886ರಲ್ಲಿ ಶುರು ಮಾಡಿದ್ದು. ಅವರ ಮ್ಯಾಗ್ನೆಟೋ 1897ರಲ್ಲಿ ಒಂದು ಮೂರು ಚಕ್ರದ ಗಾಡಿ ಮೇಲೆ ಕೂತಿತು. ಬ್ಯಾಟರಿ ಬೇಕಿಲ್ಲ, ಎಂಜಿನ್ ತಿರುಗಿದ್ರೆ ಕರೆಂಟ್ ತಾನೇ ಹುಟ್ಟುತ್ತೆ. ತೊಂದರೆ ಏನಂದ್ರೆ, ಕಿಡಿ ಬರೋಕೆ ಸಿಲಿಂಡರ್ ಒಳಗೆ ಎರಡು ಲೋಹದ ತುಂಡುಗಳು ಮುಟ್ಟಿ ಬೇರ್ಪಡಬೇಕಿತ್ತು. ಉರಿಯೋ ಬೆಂಕಿ ಮಧ್ಯೆ ಅಲ್ಲಾಡೋ ಭಾಗ ಎಷ್ಟು ದಿನ ತಡೆಯುತ್ತೆ? ಬಾಷ್ ಹತ್ತಿರ ಕೆಲಸಕ್ಕಿದ್ದ ಗಾಟ್ಲೋಬ್ ಹೊನೋಲ್ಡ್ 1902ರ ಹೊತ್ತಿಗೆ ಇದಕ್ಕೆ ಉತ್ತರ ಕಂಡುಹಿಡಿದ. ಅಲ್ಲಾಡೋದೇ ಬೇಡ, ಕರೆಂಟಿನ ವೋಲ್ಟೇಜ್ ಸಾವಿರಗಟ್ಟಲೆ ಏರಿಸಿ, ಅದು ತಾನಾಗೇ ಸಣ್ಣ ಸಂದಿ ಹಾರಲಿ ಅಂದ. ಇವತ್ತಿಗೂ ನಿಮ್ಮ ಕಾರಿನ ಪ್ಲಗ್ ಮಾಡೋದು ಅಷ್ಟೇ.

ಬೆಂಗಳೂರಿನವರಿಗೆ ಒಂದು ಮಾತು. ಆಡುಗೋಡಿಯಲ್ಲಿ ಇದ್ದ ಆ ಫ್ಯಾಕ್ಟರಿ ನೋಡಿರ್ತೀರಲ್ಲ? 1951ರಲ್ಲಿ ಮೋಟರ್ ಇಂಡಸ್ಟ್ರೀಸ್ ಕಂಪನಿ, ಅಂದ್ರೆ ಮೈಕೋ ಅಂತ ಹುಟ್ಟಿದ್ದು ಇದೇ ಬಾಷ್ ಸಹಯೋಗದಲ್ಲಿ. ಮೈಕೋ ಲೇಔಟ್‌ಗೆ ಹೆಸರು ಬಂದಿದ್ದೂ ಅಲ್ಲಿಂದಲೇ. ನಮ್ಮ ಕಡೆ ಗ್ಯಾರೇಜ್‌ಗಳಲ್ಲಿ "ಮೈಕೋ ಪ್ಲಗ್ ಕೊಡಿ" ಅನ್ನೋದು ಎಷ್ಟು ರೂಢಿ ಅಂದ್ರೆ, 2008ರಲ್ಲಿ ಕಂಪನಿ ಹೆಸರು ಬಾಷ್ ಅಂತ ಆದ ಮೇಲೂ ದೊಡ್ಡಪ್ಪನ ಬಾಯಲ್ಲಿ ಅದು ಮೈಕೋನೇ. ಅವರ ಲೋಗೋ ಗಮನಿಸಿ, ವೃತ್ತದೊಳಗೆ H ಥರ ಕಾಣುತ್ತಲ್ಲ, ಅದು ಅಕ್ಷರ ಅಲ್ಲ. ಹಳೇ ಮ್ಯಾಗ್ನೆಟೋ ಒಳಗೆ ತಿರುಗುತ್ತಿದ್ದ ಆರ್ಮೇಚರ್. 1918ರಲ್ಲಿ ಅದನ್ನ ಬರೆದಿದ್ದು ಕೂಡ ಹೊನೋಲ್ಡ್.

ಪಿಂಗಾಣಿ ವಿಷಯ ಬೇಗ ಮುಗಿಸ್ತೀನಿ. ಮೊದಮೊದಲು ನಿಜವಾದ ಪಿಂಗಾಣಿನೇ ಇತ್ತು, ಬಿಸಿಗೆ ಸೀಳು ಬಿಡ್ತಿತ್ತು. ವಿಮಾನದ ಎಂಜಿನ್‌ಗಳಿಗೆ ಅಭ್ರಕದ ಹಾಳೆ ಸುತ್ತಿದ್ರು. 1930ರ ದಶಕದಲ್ಲಿ ಅಲ್ಯುಮಿನಾ ಬಂತು, ಇವತ್ತಿನ ಪ್ಲಗ್ಗಿನ ಬಿಳಿ ಭಾಗ ಅದೇ. ಮಾಣಿಕ್ಯ, ನೀಲಮಣಿ ಎರಡೂ ರಾಸಾಯನಿಕವಾಗಿ ಅಲ್ಯುಮಿನಾನೇ ಅಂತ ಗೊತ್ತಾದ ಮೇಲೆ ನಾನು ಹಳೇ ಪ್ಲಗ್ ಬಿಸಾಕೋದು ಬಿಟ್ಟಿದ್ದೀನಿ :)

ಈಗ ಆ ಹಳದಿ ಲೇಪ. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಗ್ಲಿ ಅನ್ನೋರು, ಪೆಟ್ರೋಲಿಗೆ ಟೆಟ್ರಾಇಥೈಲ್ ಲೆಡ್ ಅನ್ನೋ ಸೀಸದ ದ್ರವ ಒಂಚೂರು ಸೇರಿಸಿದ್ರೆ ಎಂಜಿನ್ ಟಕಟಕ ಬಡಿಯೋದು ನಿಲ್ಲುತ್ತೆ ಅಂತ ಕಂಡುಕೊಂಡ್ರು. 1923ರಲ್ಲಿ ಮಾರಾಟ ಶುರು. ಆದರೆ ಸೀಸ ಉರಿದು ಎಲ್ಲಿಗೆ ಹೋಗಬೇಕು? ವಾಲ್ವ್ ಮೇಲೆ, ಪ್ಲಗ್ ಮೇಲೆ ಕೂತ್ಕೊಂಡಿತು. ಅದಕ್ಕೆ ಪರಿಹಾರ ಅಂತ ಬ್ರೋಮಿನ್ ಇರೋ ಇನ್ನೊಂದು ರಾಸಾಯನಿಕ ಸೇರಿಸಿದ್ರು, ಸೀಸ ಅದರ ಜೊತೆ ಸೇರಿ ಸೈಲೆನ್ಸರ್‌ನಿಂದ ಆಚೆ ಹೋಗಲಿ ಅಂತ. ಇಲ್ಲಿ ಒಂದು ನಿಮಿಷ ನಿಲ್ಲಿ. ಎಂಜಿನ್ ಕ್ಲೀನ್ ಆಗಿರಲಿ ಅಂತ ಸೀಸವನ್ನ ಬೀದಿಯ ಗಾಳಿಗೆ ಕಳಿಸೋ ವ್ಯವಸ್ಥೆಯನ್ನ ಬೇಕಂತಲೇ ಮಾಡಿದ್ರು!

ಅಪಾಯ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಮಿಡ್ಗ್ಲಿ ಸ್ವತಃ 1923ರಲ್ಲಿ ಸೀಸದ ವಿಷದಿಂದ ರಜೆ ಹಾಕಿ ಚೇತರಿಸಿಕೊಂಡವರು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಒಂದು ರಿಫೈನರಿಯಲ್ಲಿ ಈ ದ್ರವ ತಯಾರಿಸ್ತಿದ್ದ ಐವರು ಕೆಲಸಗಾರರು ಬುದ್ಧಿ ಭ್ರಮೆಯಾಗಿ ಸತ್ತರು. ಅದೇ ತಿಂಗಳು ಮಿಡ್ಗ್ಲಿ ಪತ್ರಕರ್ತರ ಮುಂದೆ ಆ ದ್ರವದಲ್ಲಿ ಕೈ ತೊಳೆದು, ಒಂದು ನಿಮಿಷ ಮೂಸಿ ತೋರಿಸಿದ್ರು, ಏನೂ ಆಗಲ್ಲ ಅಂತ. ನನಗೆ ಈ ಮನುಷ್ಯನ ಮೇಲೆ ಸಿಟ್ಟಿಗಿಂತ ಆಶ್ಚರ್ಯವೇ ಜಾಸ್ತಿ.

ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದ ಫೆಬ್ರವರಿ 1ಕ್ಕೆ. ಪ್ರಪಂಚದಲ್ಲಿ ಕೊನೇದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಅಂದ್ರೆ ನಾವೆಲ್ಲ ಆಗಲೇ ಫೋನ್ ಹಿಡ್ಕೊಂಡು ಆನ್‌ಲೈನ್ ಕ್ಲಾಸ್ ಕೇಳ್ತಿದ್ವಿ.

ದೊಡ್ಡಪ್ಪ ಗ್ಯಾರೇಜಿಗೆ ಕೆಲಸಕ್ಕೆ ಸೇರಿದಾಗ ಹದಿನಾಲ್ಕು ವರ್ಷ. ಮೊದಲ ಕೆಲಸ ಪ್ಲಗ್ ಕ್ಲೀನ್ ಮಾಡೋದು. ವೈರ್ ಬ್ರಷ್‌ನಲ್ಲಿ ಉಜ್ಜೋದು, ಉಪ್ಪುಕಾಗದದಲ್ಲಿ ತುದಿ ತಿಕ್ಕೋದು, ಬೂದಿ ಹೋಗಲಿ ಅಂತ ಬಾಯಿ ಹತ್ತಿರ ಹಿಡಿದು ಫೂ ಅಂತ ಊದೋದು. ಊದಿದ ಬೂದಿ ಮುಖಕ್ಕೇ ವಾಪಸ್. ಕೈ ಪೆಟ್ರೋಲ್‌ನಲ್ಲಿ ತೊಳೆದು, ಅದೇ ಕೈಯಲ್ಲಿ ಬೋಂಡಾ. ಸೀಸ ಕಟ್ಟಿದ ಪ್ಲಗ್ ಇರೋ ಕಾರು ನಿಂತಲ್ಲಿ ಚೆನ್ನಾಗೇ ಓಡುತ್ತೆ, ಏರು ಹತ್ತುವಾಗ ಮಿಸ್ಸಿಂಗ್ ಶುರು, ಯಾಕಂದ್ರೆ ಆ ಲೇಪ ಕಾದಾಗ ಕರೆಂಟ್ ಸೋರಿಸುತ್ತೆ. ಹಾಗಾಗಿ ದಿನಕ್ಕೆ ಹತ್ತಾರು ಪ್ಲಗ್ ಬರ್ತಿದ್ವಂತೆ. ಅದರಲ್ಲಿ ವಿಷ ಇದೆ ಅಂತ ಆ ಹುಡುಗನಿಗೆ ಒಬ್ಬರೂ ಹೇಳಲಿಲ್ಲ. ಅವರ ಜೊತೆ ಕೂತು ಉಜ್ಜುತ್ತಿದ್ದ ಬೇರೆ ಹುಡುಗರಿಗೂ ಹೇಳಿರಲಿಲ್ಲ.

ಈಗಿನ ಪ್ಲಗ್ಗಿಗೆ ಇಷ್ಟು ಸೇವೆ ಬೇಕಿಲ್ಲ. ಸೀಸ ಹೋಯ್ತು, ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಆದರೂ ಕಾರು ಕಲಿಯೋರು ಒಮ್ಮೆಯಾದ್ರೂ ಬಿಚ್ಚಿ ನೋಡಿ, ಅದು ಎಂಜಿನ್ನಿನ ನಾಲಿಗೆ ಇದ್ದಂಗೆ, ಡಾಕ್ಟರ್ ನೋಡೋ ಥರ ನೋಡಬೇಕು. ತಿಳಿ ಕಂದು ಅಥವಾ ಬೂದು ಬಣ್ಣ ಇದ್ರೆ ಆರೋಗ್ಯ. ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಕಪ್ಪಗೆ ಒದ್ದೆ ಜಿಡ್ಡು ಇದ್ರೆ ಆಯಿಲ್ ಮೇಲೆ ಬರ್ತಿದೆ, ಪ್ಲಗ್ ಬದಲಾಯಿಸಿದ್ರೆ ರೋಗ ಹೋಗಲ್ಲ. ಬೆಳ್ಳಗೆ ಬೆಂದು ಗುಳ್ಳೆ ಎದ್ದಿದ್ರೆ ಅತಿ ಬಿಸಿ.

ಬಿಚ್ಚೋದು ಎಂಜಿನ್ ತಣ್ಣಗಾದ ಮೇಲೆ ಮಾತ್ರ. ಮೊದಲು ಪ್ಲಗ್ ಗುಂಡಿ ಸುತ್ತ ಇರೋ ಧೂಳು ಗಾಳಿ ಹೊಡೆದು ತೆಗೀರಿ, ಇಲ್ಲಾಂದ್ರೆ ಎಲ್ಲಾ ಸಿಲಿಂಡರ್ ಒಳಗೆ ಬೀಳುತ್ತೆ. ಒಂದೊಂದೇ ಬಿಚ್ಚಿ, ವೈರ್ ಅದಲು ಬದಲು ಆಗಲ್ಲ. ಸಂದಿ ಫೀಲರ್ ಗೇಜ್‌ನಲ್ಲಿ ಅಳೀರಿ, ಎಷ್ಟಿರಬೇಕು ಅಂತ ಕಾರಿನ ಪುಸ್ತಕದಲ್ಲಿರುತ್ತೆ. ಹೊಸದನ್ನ ಕೈಯಿಂದಲೇ ತಿರುಗಿಸಿ ಪೂರ್ತಿ ಕೂರಿಸಿ, ಆಮೇಲಷ್ಟೇ ಸ್ಪ್ಯಾನರ್. ವಾಷರ್ ಇರೋ ಹೊಸ ಪ್ಲಗ್ಗಿಗೆ ಅಲ್ಲಿಂದ ಅರ್ಧ ಸುತ್ತಿನಿಂದ ಮುಕ್ಕಾಲಿಗೆ ಕಡಿಮೆ, ಸಾಕು. ಇದನ್ನ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಹೋದ ವರ್ಷ ಚಿಕ್ಕಪ್ಪನ ಮಾರುತಿ 800ಕ್ಕೆ ಮೂರನೇ ಪ್ಲಗ್ ಹಾಕುವಾಗ ಅವಸರಕ್ಕೆ ಮೊದಲೇ ಸ್ಪ್ಯಾನರ್ ಹಾಕಿದೆ, ಪ್ಲಗ್ ಓರೆಯಾಗಿ ಹೋಗಿ ಹೆಡ್ಡಿನ ಥ್ರೆಡ್ ಹಾಳಾಯ್ತು. ಪ್ಲಗ್ ಉಕ್ಕು, ಹೆಡ್ ಅಲ್ಯೂಮಿನಿಯಂ, ಯಾರು ಸೋಲ್ತಾರೆ ಹೇಳಿ. ಹೆಡ್ ಹೊತ್ಕೊಂಡು ಲೇತ್ ಅಂಗಡಿಗೆ ಹೋಗಿದ್ದು ಎಂಟನೇ ಫೋಟೋದಲ್ಲಿದೆ, ನಗಬೇಡಿ.

ಸಾಮಾನ್ಯ ನಿಕಲ್ ಪ್ಲಗ್ 20ರಿಂದ 40 ಸಾವಿರ ಕಿ.ಮೀ.ಗೆ ಸವೆಯುತ್ತೆ. 3,000 ಆರ್‌ಪಿಎಂನಲ್ಲಿ ಒಂದು ಪ್ಲಗ್ ನಿಮಿಷಕ್ಕೆ 1,500 ಸಲ ಕಿಡಿ ಕೊಡುತ್ತೆ, ಸವೆಯದೇ ಇನ್ನೇನು. ಇರಿಡಿಯಂ ಪ್ಲಗ್ ಲಕ್ಷದ ಹತ್ತಿರ ಬರುತ್ತೆ, ನಿಕಲ್ 1,455 ಡಿಗ್ರಿಗೆ ಕರಗಿದ್ರೆ ಇದು ಕರಗೋಕೆ 2,400 ಡಿಗ್ರಿ ದಾಟಬೇಕು. ಆದರೆ ಅದರ ತುದಿ ಸೂಜಿಯಷ್ಟು ಸಣ್ಣ. ಅದಕ್ಕೆ ವೈರ್ ಬ್ರಷ್ ಹಾಕಿದ್ರೆ ಅಲ್ಲಿಗೆ ಮುಗೀತು.

ಹೋದ ವಾರ ಇದೆಲ್ಲ ದೊಡ್ಡಪ್ಪನಿಗೆ ಓದಿ ಹೇಳಿದೆ. ಸುಮ್ನೆ ಕೇಳಿದ್ರು. ಆಮೇಲೆ ಡಬ್ಬಿಯಿಂದ ಇನ್ನೊಂದು ಹಳೇ ಪ್ಲಗ್ ತೆಗೆದು, ಅಭ್ಯಾಸಬಲ ನೋಡಿ, ಬಾಯಿ ಹತ್ತಿರ ತಂದು, ನಿಲ್ಲಿಸಿ, ನನ್ನ ಕೈಗೆ ಕೊಟ್ಟು, "ಕಂಪ್ರೆಸರ್ ಆನ್ ಮಾಡು ಹೋಗು" ಅಂದ್ರು.

ನಿಮ್ಮನೇಲಿ ಹಳೇ ಮೈಕೋ ಪ್ಲಗ್ ಡಬ್ಬಿ ಇದ್ರೆ ಫೋಟೋ ಕಳಿಸಿ. ಮುಂದಿನ ಭಾಗ: ಡಿಸ್ಟ್ರಿಬ್ಯೂಟರ್.