ಅಬರ್ಡೀನಿನ ಪ್ರತಿಬಿಂಬ ಶಾಲೆ ಮತ್ತು ಅದರ ಮುಂದಾಳು

ಕಾಂತೀಯ ಅನುರಣನದ ಸಹಾಯದಿಂದ ಮನುಷ್ಯದೇಹದ ಒಳಭಾಗವನ್ನು ಚಿತ್ರಿಸುವ ವಿದ್ಯೆಯು ಇಂದು ನಮ್ಮ ಎಲ್ಲ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿದೆ. ಎಂ.ಆರ್.ಐ. ಎಂಬ ಮೂರಕ್ಷರಗಳಿಂದಲೇ ಜನರು ಅದನ್ನು ಗುರುತಿಸುತ್ತಾರೆ. ಈ ವಿದ್ಯೆಯ ಇತಿಹಾಸವನ್ನು ಬರೆಯಹೊರಟವರು ಬಹುಮಟ್ಟಿಗೆ ಮೂರು ಹೆಸರುಗಳನ್ನು ಹಿಡಿದು ನಡೆಯುತ್ತಾರೆ: ಅಮೆರಿಕದ ಪಾಲ್ ಲಾಟರ್‌ಬರ್, ರೇಮಂಡ್ ಡಮೇಡಿಯನ್ ಮತ್ತು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್. ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಇವರಿಗೆ 2003ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಡಮೇಡಿಯನ್ನರು ತಮಗೆ ಅನ್ಯಾಯವಾಯಿತೆಂದು ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಡಿಸಿದರು. ಈ ಗದ್ದಲದಲ್ಲಿ ಸ್ಕಾಟ್ಲೆಂಡಿನ ಈಶಾನ್ಯದ ಕಡಲ ತಡಿಯ ಒಂದು ಊರಿನ ಮಾತನ್ನು ಕೇಳಿದವರು ಕಡಮೆ. ಆದರೂ ಈ ವಿದ್ಯೆಯು ಭೌತಶಾಸ್ತ್ರಜ್ಞನ ಕೌತುಕವಾಗಿದ್ದುದು ರೋಗಿಯ ಉಪಯೋಗಕ್ಕೆ ಒದಗಿದ್ದು ಆ ಊರಿನಲ್ಲಿ. ಅಬರ್ಡೀನಿನ ಆ ಶಾಲೆಯನ್ನು ಇಪ್ಪತ್ತೇಳು ವರ್ಷ ನಡೆಸಿದವರು ಜಾನ್ ಮ್ಯಾಲಾರ್ಡ್. ಕಂಡುಹಿಡಿದವನ ಹಿರಿಮೆ ಬೇರೆ, ಕಂಡುಹಿಡಿಯುವವರಿಗೆ ನೆಲೆ ಕಲ್ಪಿಸಿದವನ ಹಿರಿಮೆ ಬೇರೆ. ಎರಡನೆಯದನ್ನು ಅಳೆಯುವ ಕೋಲು ನಮ್ಮಲ್ಲಿ ಇನ್ನೂ ಸರಿಯಾಗಿ ಸಿದ್ಧವಾಗಿಲ್ಲವೆಂದು ನನಗೆ ತೋರುತ್ತದೆ. ಪ್ರಕೃತ ಲೇಖನಕ್ಕೆ ಇದೇ ಪ್ರೇರಣೆ.

ಮ್ಯಾಲಾರ್ಡರು 1927ರಲ್ಲಿ ಇಂಗ್ಲೆಂಡಿನ ನಾರ್ಥ್ಯಾಂಪ್ಟನ್ನಿನಲ್ಲಿ ಹುಟ್ಟಿದವರು. ನಾಟಿಂಗ್‌ಹ್ಯಾಮಿನಲ್ಲಿ ಭೌತಶಾಸ್ತ್ರವನ್ನು ಓದಿದವರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ, ವಿಕಿರಣಶೀಲ ದ್ರವ್ಯವು ದೇಹದಲ್ಲಿ ಎಲ್ಲೆಲ್ಲಿ ನೆಲೆಸಿದೆಯೆಂಬುದನ್ನು ತಾನಾಗಿಯೇ ಗುರುತಿಸುತ್ತ ಸಾಗುವ ಯಂತ್ರವೊಂದನ್ನು ಜೊತೆಗಾರರೊಡನೆ ಕಟ್ಟಿ 1959ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅವರ ಮುಂದಿನ ಹಾದಿಯನ್ನು ತೋರಿಸಿದ್ದು ಮಾತ್ರ 1964ರ ಇನ್ನೊಂದು ಲೇಖನ. ಇಲಿಗಳ ಗಂತಿಯ ಊತಕವೂ ಆರೋಗ್ಯವಂತ ಊತಕವೂ ಎಲೆಕ್ಟ್ರಾನ್ ಅನುರಣನದಲ್ಲಿ ಬೇರೆ ಬೇರೆ ಸಂಕೇತಗಳನ್ನು ಕೊಡುತ್ತವೆಂದು ಅದರಲ್ಲಿ ತೋರಿಸಲಾಗಿತ್ತು. ಈ ಭೇದವನ್ನೇ ಚಿತ್ರವಾಗಿ ಮಾರ್ಪಡಿಸಲು ಸಾಧ್ಯವಾದರೆ ಕತ್ತಿ ಹಿಡಿಯದೆಯೇ ರೋಗದ ಠಾವನ್ನು ಕಾಣಬಹುದಲ್ಲವೆ? ಆದರೆ ಎಲೆಕ್ಟ್ರಾನುಗಳಿಗೆ ಬೇಕಾದ ಸೂಕ್ಷ್ಮತರಂಗಗಳನ್ನು ದೇಹದ ನೀರು ಹೀರಿಬಿಡುತ್ತದೆ; ಇಲಿಯ ತುಣುಕಿಗೆ ಸಲ್ಲುವ ವಿಧಾನವು ಇಡಿಯ ಮನುಷ್ಯನಿಗೆ ಸಲ್ಲದು. ಈ ಅಡ್ಡಿಯನ್ನು ದಾಟುವ ಉಪಾಯವು ಅವರ ಕೈಗೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು.

1965ರಲ್ಲಿ ಅಬರ್ಡೀನ್ ವಿಶ್ವವಿದ್ಯಾನಿಲಯವು ವೈದ್ಯಕೀಯ ಭೌತಶಾಸ್ತ್ರಕ್ಕೆ ಪೀಠವೊಂದನ್ನು ಸ್ಥಾಪಿಸಿ ಅವರನ್ನು ಬರಮಾಡಿಕೊಂಡಿತು. 1495ರಲ್ಲಿ ಹುಟ್ಟಿದ ವಿದ್ಯಾಪೀಠವದು. ಆದರೆ ಲಂಡನ್ನಿನಿಂದ ಐನೂರು ಮೈಲಿಗೂ ಹೆಚ್ಚು ದೂರ. ರಾಜಧಾನಿಯನ್ನು ಬಿಟ್ಟು ಮೀನುಗಾರರ ಬಂದರಿಗೆ ಹೋಗುವುದನ್ನು ಆಗ ಏಳಿಗೆಯ ಲಕ್ಷಣವೆಂದು ಎಷ್ಟು ಜನ ಬಗೆದಿರಬಹುದೋ! ಅಲ್ಲಿ ಅವರು ಕಟ್ಟಿದ ಇಲಾಖೆಯ ರಚನೆಯನ್ನು ಗಮನಿಸಬೇಕು. ಅದು ವಿಶ್ವವಿದ್ಯಾನಿಲಯಕ್ಕೂ ಆಸ್ಪತ್ರೆಗೂ ಸಮಾನವಾಗಿ ಸೇರಿದ್ದಿತು. ಒಂದೇ ಸೂರಿನ ಕೆಳಗೆ ರೋಗಿಗಳ ದೈನಂದಿನ ಸೇವೆ, ಹೊರದೇಶಗಳಿಂದಲೂ ಬಂದ ವಿದ್ಯಾರ್ಥಿಗಳಿಗೆ ಬೋಧನೆ, ಹೊಸ ಯಂತ್ರಗಳ ನಿರ್ಮಾಣ, ಈ ಮೂರೂ ನಡೆಯುತ್ತಿದ್ದವು. ಯಂತ್ರವನ್ನು ಯೋಚಿಸುವವನು ಅದು ಬೇಕಾದ ವೈದ್ಯನನ್ನು ದಿನವೂ ಮುಖಾಮುಖಿ ಕಾಣುತ್ತಿದ್ದನು. ದೇಹವನ್ನು ಅಡ್ಡಸೀಳಿನಂತೆ ತೋರಿಸುವ ಐಸೊಟೋಪ್ ಯಂತ್ರವೊಂದನ್ನು ಈ ಇಲಾಖೆಯವರೇ ಕಟ್ಟಿ 1973ರಲ್ಲಿ ಅದರ ವರ್ಣನೆಯನ್ನು ಅಚ್ಚು ಹಾಕಿಸಿದರು. ಮುಂದಿನ ಸಾಧನೆಗೆ ಬೇಕಾದ ಕೈಗಳು ಹೀಗೆ ಮೊದಲೇ ಪಳಗಿದ್ದವೆಂಬುದು ಮುಖ್ಯವಾದ ಸಂಗತಿ.

ಅದೇ ವರ್ಷ ಲಾಟರ್‌ಬರ್ ಅವರ ಪ್ರಸಿದ್ಧ ಲೇಖನವು ಹೊರಬಂದಿತು. ನೀರಿನ ಜಲಜನಕದ ಬೀಜಗಳು ಕಾಂತಕ್ಷೇತ್ರದಲ್ಲಿ ಮಿಡಿಯುವ ವೇಗವು ಕ್ಷೇತ್ರದ ಬಲವನ್ನು ಅವಲಂಬಿಸಿದೆ. ಆ ಬಲವು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಕ್ರಮವಾಗಿ ಏರುವಂತೆ ಮಾಡಿದರೆ, ಮಿಡಿತದ ವೇಗದಿಂದಲೇ ಸ್ಥಳವನ್ನು ಗುರುತಿಸಬಹುದು. ಇದಕ್ಕೆ ಬೇಕಾದುದು ರೇಡಿಯೊ ತರಂಗ. ಅದಕ್ಕೆ ದೇಹದ ನೀರು ಅಡ್ಡಿಯಲ್ಲ. ಮ್ಯಾಲಾರ್ಡರ ಹಳೆಯ ತೊಡಕು ಇಲ್ಲಿ ಬಿಡಿಸಿಕೊಂಡಿತು. ಜೇಮ್ಸ್ ಹಚಿಸನ್ ಮೊದಲಾದವರು ಕೆಲಸಕ್ಕೆ ಕೈಹಚ್ಚಿದರು. 1974ರಲ್ಲಿ ಅವರು ತೆಗೆದದ್ದು ಕೊರಳು ಮುರಿದು ಸತ್ತಿದ್ದ ಒಂದು ಸುಂಡಿಲಿಯ ಚಿತ್ರ. ಮುರಿದ ಕೊರಳಿನ ಸುತ್ತ ದ್ರವ ತುಂಬಿದ್ದುದು ಆ ಚಿತ್ರದಲ್ಲಿ ಬೇರೆಯಾಗಿ ಕಾಣಿಸಿತು. ಅಂದರೆ ಆಕಾರವಷ್ಟೇ ಅಲ್ಲ, ಗಾಯವೂ ಕಂಡಿತು. ಮನುಷ್ಯನು ಹಿಡಿಸುವಷ್ಟು ದೊಡ್ಡ ಯಂತ್ರವನ್ನು ಕಟ್ಟುವ ನಿರ್ಧಾರವು ಈ ಸುಂಡಿಲಿಯಿಂದ ಹುಟ್ಟಿತೆಂದರೆ ತಪ್ಪಾಗದು. ಜೀವವಿಜ್ಞಾನಿ ಮಾರ್ಗರೆಟ್ ಫಾಸ್ಟರ್ ಅವರು ಬೇರೆ ಬೇರೆ ಊತಕಗಳ ಅನುರಣನ ಗುಣಗಳನ್ನು ತಾಳ್ಮೆಯಿಂದ ಅಳೆದು, ಆ ಯಂತ್ರದಲ್ಲಿ ಏನನ್ನು ನಿರೀಕ್ಷಿಸಬಹುದೆಂಬುದನ್ನು ತಿಳಿಯಪಡಿಸಿದರು.

ಆ ಯಂತ್ರದ ಹೆಸರು ಮಾರ್ಕ್ ಒಂದು. ನಾಲ್ಕು ಸುರುಳಿಗಳ ಅದರ ವಿದ್ಯುತ್ಕಾಂತದ ಬಲವು ಕೇವಲ 0.04 ಟೆಸ್ಲಾ, ಈಗಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾದುದು 1.5 ಟೆಸ್ಲಾ. ಅಂಥ ದುರ್ಬಲವಾದ, ಎಲ್ಲೆಡೆಯೂ ಒಂದೇ ಸಮನಾಗಿಲ್ಲದ ಕ್ಷೇತ್ರದಲ್ಲಿ ಮೊದಲು ಪ್ರಯತ್ನಿಸಿದ ವಿಧಾನಗಳು ಮನುಷ್ಯನ ಮೇಲೆ ಸಫಲವಾಗಲಿಲ್ಲ. ರೋಗಿಯು ಉಸಿರಾಡಿದೊಡನೆ ಚಿತ್ರವು ಕಲಸಿಹೋಗುತ್ತಿತ್ತು. ಇದಕ್ಕೆ ಪರಿಹಾರವು 1980ರಲ್ಲಿ ದೊರೆಯಿತು. ವಿಲಿಯಂ ಎಡೆಲ್‌ಸ್ಟೈನ್, ಹಚಿಸನ್, ಗ್ಲಿನ್ ಜಾನ್ಸನ್, ಥಾಮಸ್ ರೆಡ್‌ಪಾತ್ ಈ ನಾಲ್ವರ ಹೆಸರಿನಲ್ಲಿ ಪ್ರಕಟವಾದ ಆ ಕ್ರಮಕ್ಕೆ ಸ್ಪಿನ್-ವಾರ್ಪ್ ಎಂದು ಹೆಸರು.

ಇಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಒಂದು ಎಳೆಯುಂಟು. 1975ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿ ಅನಿಲ್ ಕುಮಾರ್, ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್ ಇವರು ಫೂರಿಯೇ ಗಣಿತದ ಮೂಲಕ ಅನುರಣನ ಚಿತ್ರವನ್ನು ಪಡೆಯುವ ಮಾರ್ಗವನ್ನು ತೋರಿಸಿದ್ದರು. ಆ ಅನಿಲ್ ಕುಮಾರರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪ್ರಾಧ್ಯಾಪಕರಾಗಿದ್ದವರು. ಜೂರಿಕ್ಕಿನ ಮಾರ್ಗದಲ್ಲಿ ಕ್ಷೇತ್ರದ ಇಳಿಜಾರನ್ನು ಒಂದೇ ಬಲದಲ್ಲಿಟ್ಟು ಅದರ ಕಾಲವನ್ನು ಹೆಚ್ಚಿಸುತ್ತ ಹೋಗುತ್ತಿದ್ದರು. ಅಬರ್ಡೀನಿನವರು ಇದನ್ನು ತಿರುಗಿಸಿ, ಕಾಲವನ್ನು ಒಂದೇ ಸಮನಾಗಿಟ್ಟು ಬಲವನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸಿದರು. ಹೀಗೆ ಮಾಡಿದುದರಿಂದ ಕಾಂತದ ಲೋಪವು ಪ್ರತಿಯೊಂದು ಸಲವೂ ಅಷ್ಟೇ ಆಗಿ, ಚಿತ್ರವನ್ನು ಕೆಡಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಒಳ್ಳೆಯ ಕಾಂತವು ಕೈಯಲ್ಲಿದ್ದಿದ್ದರೆ ಈ ಯುಕ್ತಿಯ ತುರ್ತು ಅವರಿಗೆ ತಟ್ಟುತ್ತಿತ್ತೋ ಇಲ್ಲವೋ!

1980ರ ಆಗಸ್ಟ್ 28ರಂದು ಫಾರೆಸ್ಟರ್‌ಹಿಲ್ಲಿನಲ್ಲಿ ರೋಗಿಯೊಬ್ಬನನ್ನು ಆ ಯಂತ್ರದೊಳಗೆ ಮಲಗಿಸಲಾಯಿತು. ಅವನ ಎದೆಯ ಗಂತಿಯೂ, ಯಕೃತ್ತಿನ ವಿಕಾರವೂ, ಮೂಳೆಗೆ ಹರಡಿದ್ದ ರೋಗವೂ ಚಿತ್ರದಲ್ಲಿ ಕಾಣಿಸಿದವು. ಇದಕ್ಕೆ ಮುನ್ನ ಬೇರೆಡೆಗಳಲ್ಲಿ ಬೆರಳಿನ, ಮಣಿಕಟ್ಟಿನ, ಎದೆಯ ಚಿತ್ರಗಳು ಬಂದಿದ್ದವು, ನಿಜ. ವೈದ್ಯನ ನಿರ್ಣಯಕ್ಕೆ ನೆರವಾಗುವಂಥ ಚಿತ್ರದ ಆರಂಭವನ್ನು ಈ ದಿನದಿಂದ ಎಣಿಸುತ್ತಾರೆ.

ಮುಂದಿನ ಕಥೆಯು ಅಷ್ಟು ಸಂತೋಷಕರವಲ್ಲ. ಎಡೆಲ್‌ಸ್ಟೈನರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಹೋದರು. ಸ್ಪಿನ್-ವಾರ್ಪ್ ಜಗತ್ತಿನೆಲ್ಲೆಡೆಯ ಯಂತ್ರಗಳ ಸಾಮಾನ್ಯ ಕ್ರಮವಾಯಿತು. ಅಬರ್ಡೀನಿನವರು ಸ್ವತಃ ಹೂಡಿದ ಚಿಕ್ಕ ಕಂಪನಿಯು ಬೆರಳೆಣಿಕೆಯ ಯಂತ್ರಗಳನ್ನು ಮಾಡಿ, ಬಂಡವಾಳವಿಲ್ಲದೆ ಮುಚ್ಚಿತು. ದೊಡ್ಡ ಕೈಗಾರಿಕೆಯು ದೂರದ ಊರನ್ನು ನೆಚ್ಚಲಿಲ್ಲವೆಂಬುದು ಇದಕ್ಕೆ ಒಂದು ಕಾರಣವಾಗಿರಬಹುದು. ಪ್ರಯೋಗಶಾಲೆಯನ್ನು ನಡೆಸುವ ಜಾಣ್ಮೆಯು ಪೇಟೆಯಲ್ಲಿಯೂ ಸಾಕೆಂದು ನಂಬಿದುದು ಇನ್ನೊಂದು ಕಾರಣವೆಂದು ನನ್ನ ಊಹೆ. ಮುಂದಾಳಿನ ಗುಣವನ್ನು ಹೊಗಳುವವರು ಈ ಭಾಗವನ್ನು ಹಾರಿಸಿ ಓದಬಾರದು.

ಕೀರ್ತಿಯ ಹಂಚಿಕೆಯಲ್ಲಿಯೂ ಎರಡು ಬಗೆಯ ತಪ್ಪುಗಳು ನಡೆದಿವೆ. ಹೊರಗಿನ ಜಗತ್ತು ಅಬರ್ಡೀನನ್ನೇ ಮರೆಯಿತು. 2004ರಲ್ಲಿ ಮ್ಯಾಲಾರ್ಡರಿಗೆ ಪುರಗೌರವವನ್ನು ಕೊಟ್ಟ ಅವರ ಊರಾದರೋ ಹಚಿಸನ್, ಎಡೆಲ್‌ಸ್ಟೈನ್, ಫಾಸ್ಟರ್ ಇವರ ಪಾಲನ್ನೂ ಅವರ ಒಬ್ಬರ ಹೆಸರಿಗೇ ಬರೆಯಲು ಹವಣಿಸಿತು. ನಮ್ಮ ಹಳೆಯ ಶಾಸನಗಳಲ್ಲಿ ದತ್ತಿ ಬಿಟ್ಟವನ ಹೆಸರಿನೊಡನೆ ಪಾಠವನ್ನು ರಚಿಸಿದ ಕವಿಯ ಹೆಸರೂ ಕಲ್ಲನ್ನು ಕಡೆದವನ ಹೆಸರೂ ಎಷ್ಟೋ ವೇಳೆ ದೊರೆಯುತ್ತವೆ. ಆ ವಿವೇಕವು ಈ ಕಾಲದ ಬಹುಮಾನ ಸಮಿತಿಗಳಿಗೆ ಬಂದಂತೆ ಕಾಣದು. ಆ 1980ರ ಲೇಖನದ ನಾಲ್ಕು ಹೆಸರುಗಳಲ್ಲಿ ಮ್ಯಾಲಾರ್ಡರದು ಇಲ್ಲ. ಇಲಾಖೆಯ ಮುಖ್ಯಸ್ಥನು ಎಲ್ಲ ಲೇಖನಗಳಿಗೂ ತನ್ನ ಹೆಸರನ್ನು ಅಂಟಿಸುವ ವಾಡಿಕೆಯನ್ನು ಬಲ್ಲ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾಲಾರ್ಡರು 1992ರಲ್ಲಿ ನಿವೃತ್ತರಾಗಿ, 2021ರ ಫೆಬ್ರವರಿಯಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಾಸಿಟ್ರಾನ್ ಚಿತ್ರಣಕ್ಕಾಗಿ ಅವರು ಬಹುಕಾಲ ಹೋರಾಡಿ ತಂದ ಕೇಂದ್ರಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಅವರ ಇಲಾಖೆಯಲ್ಲಿಯೇ ಬೆಳೆದ ಡೇವಿಡ್ ಲೂರಿಯವರ ತಂಡವು, ಚಿತ್ರ ತೆಗೆಯುತ್ತಿರುವಾಗಲೇ ಕಾಂತಕ್ಷೇತ್ರದ ಬಲವನ್ನು ಏರಿಸಿ ಇಳಿಸುವ ಹೊಸ ಬಗೆಯ ಯಂತ್ರವನ್ನು ಅದೇ ಗುಡ್ಡದ ಮೇಲೆ ಕಟ್ಟಿತು. ಮಾರ್ಕ್ ಒಂದರಂತೆ ಅದೂ ರೋಗಿಗಳಿಂದ ಕೆಲವೇ ಹೆಜ್ಜೆ ದೂರದಲ್ಲಿ ನಿಂತಿತು.